ಹದಿನಾರನೇ ಬಳೆ

ಚಂದಮ್ಮ ತನ್ನ ಹಟಕ್ಕೇ ಸತ್ತಳು ಎಂದು ಶಹಾಬಾದಿನ ಆ ಓಣಿಯಲ್ಲಿ ಎಲ್ಲರೂ ಹೇಳುತ್ತಾರೆ. ಮೊದಲು ಹಾಗೆಂದದ್ದು ಆಕೆಯ ಗಂಡ ಸಾಯಬಣ್ಣ ಕಾಕಾ. ಪೊಲೀಸರ ಕಾಗದದಲ್ಲೂ ಹಾಗೇ ಬರೆದಿದೆ, ಕೆಳಗೆ ನನ್ನ ಸಹಿ ಇದೆ. ಅದು ಸುಳ್ಳು, ಮತ್ತು ಆ ಸುಳ್ಳು ನನ್ನದು. ಅದಕ್ಕಾಗಿ ಬಾಯಿ ಕೂಡ ತೆರೆಯಲಿಲ್ಲ ನಾನು, ಒಮ್ಮೆ ಗೋಣು ಹಾಕಿದೆ, ಅಷ್ಟೇ. ನಾಲ್ಕು ತಿಂಗಳು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಉಂಡೆ, ನಿದ್ದೆಯನ್ನೂ ಮಾಡಿದೆ.

ನನ್ನ ಹೆಸರು ದೇವಿಕಾ. ವಾಡಿಯವಳು. ಕಲಬುರಗಿಯಲ್ಲಿ ಐಟಿಐ ಮುಗಿಸಿ ಹದಿನೆಂಟು ವರ್ಷ ಒಂದು ಕಾರ್ಖಾನೆಯಲ್ಲಿ ಮೀಟರು, ಗೇಜು ರಿಪೇರಿ ಮಾಡಿದೆ. ನನ್ನ ಬಾಯಿ ಕೆಟ್ಟದ್ದು, ಕೈ ಒಳ್ಳೆಯದು. ಸಂಗಮೇಶ್ವರ ಸರ್ ನನ್ನನ್ನು ಕೆಲಸಕ್ಕೆ ಕರೆದದ್ದು ಕೈ ನೋಡಿ. ಬಾಯಿಯನ್ನು ಆಮೇಲೆ ಹೇಗೋ ಸಹಿಸಿಕೊಂಡರು, ಪಾಪ.

ಸರ್ ಚಿತ್ತಾಪುರದ ಕಡೆಯವರು, ವಿಶ್ವವಿದ್ಯಾಲಯದಲ್ಲಿ ಖಗೋಳ ವಿಜ್ಞಾನದ ಪ್ರಾಧ್ಯಾಪಕರು. ರಾಕೆಟ್ಟಿನ ತಲೆಯಲ್ಲಿ ಕೂರಿಸುವ ಒಂದು ಎಕ್ಸ್-ರೇ ದೂರದರ್ಶಕ ಮಾಡುತ್ತಿದ್ದರು. ಅದನ್ನು ಹೊಂದಿಸಲು ಎಪ್ಪತ್ತು ಮೀಟರ್ ಉದ್ದದ, ಅಲುಗಾಡದ ನೆಲ ಬೇಕಿತ್ತು. ಶಹಾಬಾದಿನ ಹೊರಗೆ, ಫರಸಿ ಕಲ್ಲು ತೆಗೆದು ಬಿಟ್ಟ ಹಳೆಯ ಖಣಿಯ ಅಂಚಿನಲ್ಲಿ ಅಂಥ ನೆಲ ಸಿಕ್ಕಿತು. ಕೆಳಗೆಲ್ಲ ಒಂದೇ ಬಂಡೆ, ಪಾಯ ಹಾಕುವ ಕೆಲಸವೇ ಇಲ್ಲ. ಅದರ ಮೇಲೆ ಉದ್ದನೆಯ ಶೆಡ್ಡು ಕಟ್ಟಿ, ಗೋಡೆಗೆ ದಪ್ಪ ಫೋಮು ತುಂಬಿ, ಒಳಗೆ ಎಸಿ ಹಾಕಿದರು.

ಕೆಲಸ ಏನೆಂದರೆ ಇಷ್ಟೇ. ಎಕ್ಸ್-ರೇ ಕನ್ನಡಿಗೆ ನೆಟ್ಟಗೆ ಬಡಿದರೆ ಒಳಹೊಕ್ಕು ಸತ್ತುಹೋಗುತ್ತದೆ. ಓರೆಯಾಗಿ ಸವರಿಕೊಂಡು ಹೋದರೆ ಮಾತ್ರ ತಿರುಗುತ್ತದೆ, ಕೆರೆಯ ನೀರಿನ ಮೇಲೆ ಚಪ್ಪಟೆ ಕಲ್ಲು ಎಸೆದರೆ ಜಿಗಿಯುತ್ತದಲ್ಲ, ಹಾಗೆ. ಅದಕ್ಕೇ ಈ ಕನ್ನಡಿಗಳು ತಟ್ಟೆಯಂತಿರುವುದಿಲ್ಲ, ಕೊಳವೆಯಂತಿರುತ್ತವೆ. ಒಂದರೊಳಗೆ ಒಂದು, ಹದಿನಾರು, ಒಳಮೈಗೆಲ್ಲ ಬಂಗಾರದ ಲೇಪ. ನಾವು ಅವನ್ನು ಬಳೆ ಅನ್ನುತ್ತಿದ್ದೆವು. ಹದಿನಾರೂ ಬಳೆಗಳು ಬೆಳಕನ್ನು ಒಂದೇ ಚುಕ್ಕೆಗೆ ತಂದು ಹಾಕಬೇಕು. ಒಂದು ಬಳೆ ಕೂದಲೆಳೆಯ ಹತ್ತನೇ ಒಂದು ಪಾಲು ವಾರೆಯಾದರೂ ಚುಕ್ಕೆಗೆ ಬಾಲ ಬರುತ್ತದೆ. ನಾನು ನಾಲ್ಕು ಸಣ್ಣ ತಿರುಪುಗಳನ್ನು ತಿರುಗಿಸಿ ಆ ಬಾಲ ಕತ್ತರಿಸಬೇಕು, ಆಮೇಲೆ ಅಂಟು ಹಾಕಿ ಬಳೆಯನ್ನು ಕಾಯಂ ಮಾಡಬೇಕು. ಅಂಟು ಗಟ್ಟಿಯಾಗಲು ಆರು ತಾಸು. ಅಷ್ಟು ಹೊತ್ತು ನೆಲ ನಡುಗಬಾರದು.

ಆದರೆ ನೆಲ ದಿನಾ ನಡುಗುತ್ತಿತ್ತು. ಹಳೆಯ ಖಣಿಯ ಆ ಬದಿಗೆ ಒಂದು ಖಡಿ ಮಷಿನ್ ಇದೆ, ಜಲ್ಲಿ ಒಡೆಯುವುದು. ಅವರು ದಿನಕ್ಕೊಂದು ಸಲ, ಮಧ್ಯಾಹ್ನ ಒಂದೂವರೆಗೆ, ಮದ್ದು ಇಟ್ಟು ಬಂಡೆ ಹಾರಿಸುತ್ತಿದ್ದರು. ಹಾರಿಸುವವರು ಸಾಯಬಣ್ಣ ಕಾಕಾ. ಲೈಸೆನ್ಸಿನ ಮನುಷ್ಯ, ಹೊತ್ತಿನ ವಿಷಯದಲ್ಲಿ ಬಲು ಬಿಗಿ. ಆದ್ದರಿಂದ ನಾವು ಸಂಜೆ ಅಂಟು ಹಾಕುತ್ತಿದ್ದೆವು, ಮರುದಿನ ಒಂದೂವರೆಯೊಳಗೆ ಕಲ್ಲಾಗಿರುತ್ತಿತ್ತು. ಹದಿನೈದು ಬಳೆಗಳು ಹೀಗೇ ಕೂತವು.

ಚಂದಮ್ಮ ಕಾಕಾನ ಹೆಂಡತಿ, ನನಗೆ ಚಿಗವ್ವ, ಅಂದರೆ ಚಿಕ್ಕಮ್ಮ. ರಕ್ತದ ನೆಂಟಸ್ತಿಕೆಯಲ್ಲ, ಬಾಯಿಯ ನೆಂಟಸ್ತಿಕೆ. ಫರಸಿ ಪಾಲಿಶ್ ಮಷಿನ್ನಿನ ಮುಂದೆ ಇಪ್ಪತ್ತು ವರ್ಷ ನಿಂತು ಆಕೆಯ ಎರಡೂ ಕಿವಿ ಹೋಗಿದ್ದವು. ಬಂಡೆ ಹಾರಿಸುವ ಮುಂಚಿನ ಸೈರನ್ ಆಕೆಗೆ ಕೇಳುತ್ತಿರಲಿಲ್ಲ, ಆಕೆ ಅದಕ್ಕೆ ಕಾಯುತ್ತಲೂ ಇರಲಿಲ್ಲ. ಒಂದೂವರೆಯ ತನಕ ಖಣಿ ನನ್ನದು ಅನ್ನುತ್ತಿದ್ದಳು. ಆಕೆಯೊಬ್ಬಳೇ ಏನು, ಸುತ್ತಿನ ಕುರಿಯವರು, ಕಟ್ಟಿಗೆಯವರು ಎಲ್ಲರೂ ಅಷ್ಟೇ. ಸೈರನ್ ಕೇಳಿ ಓಡುವವರು ಯಾರೂ ಇರಲಿಲ್ಲ, ಹೊತ್ತು ನೋಡಿ ನಡೆಯುವವರೇ ಎಲ್ಲ.

ದಿನಾ ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಚಿಗವ್ವ ಗಂಡನ ಬುತ್ತಿ ಹೊತ್ತು ನಮ್ಮ ಗೇಟಿಗೆ ಬರುತ್ತಿದ್ದಳು. ತಗಡಿನ ಮೇಲೆ ಕಲ್ಲಿನಿಂದ ಢಣಢಣ ಬಡಿಯುತ್ತಿದ್ದಳು. ನಾನು ಹೊರಗೆ ಬಂದರೆ ಒಂದು ಜೋಳದ ರೊಟ್ಟಿ, ಪುಂಡಿಪಲ್ಯ ನನ್ನ ಕೈಗೆ. ಆಮೇಲೆ ಹಳೆಯ ಖಣಿಯೊಳಗಿಳಿದು ಕಾಲುದಾರಿಯಲ್ಲಿ ಗಂಡನ ಕಡೆಗೆ.

"ಏನ ದೇವಿಕಾ, ವರ್ಷದಿಂದ ಬಳಿ ತೊಡಸಾಕತ್ತೀರಿ, ಮದಿಮಗಳು ಇನ್ನಾ ಬಂದಿಲ್ಲೇನು?" ಎಂದು ದಿನಾ ಕಾಡುತ್ತಿದ್ದಳು. ನಾನು ಕೈಸನ್ನೆಯಲ್ಲಿ ಬೈದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಮ್ಮ ಶೆಡ್ಡಿಗೆ ಹಗಲು ಕಾವಲುಗಾರ ಇರಲಿಲ್ಲ, ಗೇಟು ಬಡಿದರೆ ತೆಗೆಯುವವಳು ನಾನೇ.

ಫೆಬ್ರುವರಿಯ ಒಂದು ಶುಕ್ರವಾರ ಬೆಳಿಗ್ಗೆ ಲಾರಿ ಬಂದು ಉಪಕರಣವನ್ನು ಉಡಾವಣಾ ಕೇಂದ್ರಕ್ಕೆ ಒಯ್ಯುವುದೆಂದು ನಿಶ್ಚಯವಾಗಿತ್ತು. ಹದಿನಾರನೇ ಬಳೆಯೊಂದೇ ಬಾಕಿ. ಬುಧವಾರ ಸಂಜೆ ಅಂಟು ಹಾಕಬೇಕೆನ್ನುವಾಗ ಕರೆಂಟು ಹೋಯಿತು. ಜನರೇಟರ್ ಕೈಕೊಟ್ಟಿತು. ಶೆಡ್ಡಿನೊಳಗೆ ಸೆಕೆ ಏರಿ ಲೋಹವೆಲ್ಲ ಹಿಗ್ಗಿತು, ಮತ್ತೆ ತಣ್ಣಗಾಗುವಷ್ಟರಲ್ಲಿ ಗುರುವಾರ ಬೆಳಗಾಯಿತು. ಮತ್ತೆ ಹೊಂದಿಸಿ, ಅಂಟು ಒಣಗಿಸಿ, ಬೆಳಗಾಗುವುದರೊಳಗೆ ಪೆಟ್ಟಿಗೆಗೆ ತುಂಬಬೇಕೆಂದರೆ ಒಂದೂವರೆಯ ಮೇಲೆ ಶುರು ಮಾಡಿದರೆ ಆಗದು. ಇನ್ನು ಗುರುವಾರ ಹಗಲೇ ಅಂಟು ಹಾಕಬೇಕು, ಒಂದೂವರೆಗೆ ನೆಲ ನಡುಗಿದರೆ ಎಲ್ಲ ಮಣ್ಣು. ಸರ್ ತಲೆ ಹಿಡಿದುಕೊಂಡು ಕೂತರು. ನಾನೇ ಖಡಿ ಮಷಿನ್ನಿಗೆ ಹೋದೆ.

ಕಾಕಾ ಬಂಡೆಯ ಮೇಲೆ ಕೂತು ಬೀಡಿ ಸೇದುತ್ತಿದ್ದರು.

"ಕಾಕಾ, ಇವತ್ತ ಒಂದೂವರಿಗಿ ಹಾರಸಬ್ಯಾಡ್ರಿ. ಹನ್ನೊಂದಕ್ಕ ಹಾರಸಿ ಬಿಡ್ರಿ. ಆಮ್ಯಾಲ ಸಂಜಿ ತನಕ ನೆಲ ಅಳ್ಳಾಡಬಾರದು."

"ಹುಚ್ಚಿ ಅದಿ ಏನ? ಹತ್ತ ವರ್ಷದಿಂದ ಒಂದೂವರಿ. ಮಂದಿಗೆಲ್ಲ ಅದೇ ಗೊತ್ತದ."

"ಒಂದಿನ ಕಾಕಾ. ಬರೇ ಒಂದಿನ. ಎರಡ ವರ್ಷದ ಕೆಲಸ ಹಾಳಾಗ್ತದ."

ಬೀಡಿಯನ್ನು ಬಂಡೆಗೆ ಹೊಸಕಿ ಎದ್ದರು. "ಮಾಲಕಗ ನಾ ಹೇಳ್ತೀನಿ. ಎರಡೂ ರಸ್ತಾಕ ಕೆಂಪ ಝಂಡಾ ಕೊಟ್ಟ ಮಂದಿ ನಿಲ್ಲಸ್ತೀನಿ. ಕುರಿಯವರಿಗೂ ಹೇಳಿ ಕಳಸ್ತೀನಿ. ಆದರ ನಿಮ್ಮ ಚಿಗವ್ವ? ಹನ್ನೊಂದಕ್ಕ ಆಕಿ ಖರೇ ಆ ಹಳೀ ಖಣಿದಾಗೇ ಇರ್ತಾಳ. ಮನಿಗಿ ಹೋಗಾಕ ನಂಗ ಆಗಂಗಿಲ್ಲ, ಮದ್ದ ತುಂಬಬೇಕು. ಫೋನ್ ಮಾಡಿದ್ರ ಆಕಿಗಿ ಕೇಳಂಗಿಲ್ಲ."

"ನನ್ನ ಗೇಟಿಗಿ ಬಂದೇ ಬರ್ತಾಳಲ್ರಿ. ನಾ ಹಿಡಕೊಂಡ ಕುಂದ್ರಸ್ತೀನಿ."

"ಮರೀಬ್ಯಾಡ ನೋಡು ಮತ್ತ."

"ಕಾಕಾ, ಕೂದಲೆಳಿ ತಪ್ಪಿದ್ರ ಹಿಡಿಯಾಕಿ ನಾ. ಇಷ್ಟೆತ್ತರದ ಹೆಂಗಸಿಗಿ ಮರೀತೀನೇನು?"

ಅವರು ನಕ್ಕರು. ನಾನೂ ನಕ್ಕೆ. ನನ್ನ ನಾಲಿಗೆ ಅವತ್ತೇ ಬಿದ್ದುಹೋಗಬೇಕಿತ್ತು.

ಒಂಬತ್ತೂವರೆಗೆ ಶೆಡ್ಡಿಗೆ ಬಂದೆ. ಸರ್ ಜನರೇಟರಿನವನನ್ನು ಹುಡುಕಿ ಪೇಟೆಗೆ ಹೋಗಿದ್ದರು. ಒಳಗೆ ನಾನು ಮತ್ತು ಫಿರ್ದೋಸ್ ಇಬ್ಬರೇ. ಫಿರ್ದೋಸ್ ಕ್ಯಾಮೆರಾ ನೋಡುವ ಎಂಜಿನಿಯರು, ಎಪ್ಪತ್ತು ಮೀಟರ್ ಆಚೆಯ ತುದಿಯಲ್ಲಿ ಕೂತು ಸ್ಪೀಕರಿನಲ್ಲಿ ಮಾತಾಡುತ್ತಾಳೆ. ಬಂಡೆ ಹಾರಿದ ಮೇಲೆ ಹೇಗೂ ಮತ್ತೊಮ್ಮೆ ಹೊಂದಿಸಬೇಕು, ಅಷ್ಟರೊಳಗೆ ಬಳೆಯನ್ನು ಜಾಗದ ಹತ್ತಿರಕ್ಕಾದರೂ ತಂದಿಡೋಣ ಅಂದುಕೊಂಡೆ. ಹತ್ತೂವರೆಗೆ ಹೊರಗೆ ಹೋಗಿ ಗೇಟಿನಲ್ಲಿ ನಿಲ್ಲುವುದು. ಮರೆಯಬಾರದೆಂದು ಫೋನಿನಲ್ಲಿ ಅಲಾರಂ ಇಟ್ಟೆ. ಆ ಫೋನನ್ನು ದಿನದ ಅಭ್ಯಾಸದಂತೆ ಬಾಗಿಲ ಹೊರಗಿನ ತಗಡಿನ ಡಬ್ಬಿಯಲ್ಲಿ ಹಾಕಿ ಮುಚ್ಚಿದೆ. ಒಳಗೆ ಫೋನು ಒಯ್ಯುವಂತಿಲ್ಲ, ಅದು ನಾನೇ ಮಾಡಿದ ಕಾನೂನು. ಇಂಥ ಜಾಣೆ ನಾನು.

ಬಿಳಿ ಗೌನು, ಟೋಪಿ, ಗವಸು ಹಾಕಿಕೊಂಡು ತಿರುಪು ಹಿಡಿದೆ. ಚುಕ್ಕೆಗೆ ಎಡಕ್ಕೊಂದು ಉದ್ದ ಬಾಲ ಇತ್ತು. ಒಂದು ತಿರುಪು ತುಸು ಬಿಗಿ ಮಾಡಿದರೆ ಬಾಲ ಕೆಳಕ್ಕೆ ಹೋಯಿತು, ಇನ್ನೊಂದು ಸಡಿಲಿಸಿದರೆ ಮೇಲಕ್ಕೆ. ನನ್ನ ಉಸಿರು ತಾಗಿದರೂ ಲೋಹ ಹಿಗ್ಗುತ್ತದೆ. ಆದ್ದರಿಂದ ಒಂದು ಸಲ ತಿರುಗಿಸಿ ಹಿಂದೆ ಸರಿದು ನಿಲ್ಲಬೇಕು, ಕಾಯಬೇಕು, ಮತ್ತೆ ಹತ್ತಿರ ಹೋಗಬೇಕು. ಹತ್ತು ಗಂಟೆಗೆ ಚಿಗವ್ವನ ನೆನಪಿತ್ತು. ಹತ್ತೂಕಾಲಿಗೂ ಇತ್ತು. ಕಂಪ್ಯೂಟರಿನ ಮೂಲೆಯಲ್ಲಿ ವೇಳೆ ಕಾಣುತ್ತಿತ್ತು, ನಾನು ಅದನ್ನು ನೋಡಿದ್ದು ಅದೇ ಕೊನೆಯ ಸಲ.

ಆಮೇಲೆ ಬಾಲ ಮೊಟಕಾಗತೊಡಗಿತು.

"ದೀದಿ, ಬರಾಕತ್ತದ! ಭಾಳ ಚಲೋ ಬರಾಕತ್ತದ!" ಸ್ಪೀಕರಿನಲ್ಲಿ ಫಿರ್ದೋಸ್ ಕೂಗಿದಳು.

ಈ ಕೆಲಸ ಮಾಡದವರಿಗೆ ಇದನ್ನು ಹೇಗೆ ಹೇಳಲಿ? ಹದಿನೈದು ಬಳೆಗಳು ನನ್ನನ್ನು ಮೂರು ದಿನ, ನಾಲ್ಕು ದಿನ ಅಳಿಸಿ ಕೂತಿದ್ದವು. ಈ ಕೊನೆಯದು ಒಂದು ತಾಸಿನೊಳಗೆ ತಾನಾಗಿ ಮಣಿಯುತ್ತಿದೆ. ಈಗ ಬಾಗಿಲು ತೆರೆದರೆ ಹೊರಗಿನ ಬಿಸಿ ನುಗ್ಗುತ್ತದೆ, ಎಲ್ಲ ಮೊದಲಿನಿಂದ. ಇನ್ನೊಂದು ಕಾಲು ತಿರುವು ಅಂದುಕೊಂಡೆ. ಅದಾದ ಮೇಲೆ ಇನ್ನೊಂದು. ಅಷ್ಟರಲ್ಲಿ ನನ್ನ ತಲೆಯಲ್ಲಿ ಚಿಗವ್ವ ಇರಲಿಲ್ಲ, ಯಾರೂ ಇರಲಿಲ್ಲ. ಸಂತೋಷವಾಗುತ್ತಿತ್ತು ನನಗೆ. ಅದನ್ನು ಮುಚ್ಚಿಟ್ಟು ಏನು ಮಾಡಲಿ? ಬಹಳ ಸಂತೋಷವಾಗುತ್ತಿತ್ತು.

ಬಾಲ ಹೋಯಿತು. ಪರದೆಯ ಮೇಲೆ ಸಾಸಿವೆ ಕಾಳಿನಷ್ಟು ದುಂಡನೆಯ ಚುಕ್ಕೆ.

"ಮುಟ್ಟಬ್ಯಾಡ್ರಿ ದೀದಿ, ಇನ್ನ ಅದಕ್ಕ ಮುಟ್ಟಬ್ಯಾಡ್ರಿ," ಎಂದಳು ಫಿರ್ದೋಸ್.

ನಾನು ಕೈ ಹಿಂದಕ್ಕೆ ಕಟ್ಟಿಕೊಂಡು ನೋಡುತ್ತ ನಿಂತೆ. ಆಗ ಚುಕ್ಕೆ ಜಿಗಿಯಿತು. ಪರದೆಯ ಅಂಚಿಗೆ ಹೋಗಿ, ಗಡಗಡ ನಡುಗಿ, ನಿಧಾನಕ್ಕೆ ಬಂದು ಅದೇ ಜಾಗದಲ್ಲಿ ಕೂತಿತು. ಒಂದು ಕೂದಲಿನಷ್ಟೂ ಆಚೀಚೆಯಾಗಲಿಲ್ಲ. ನಾನು ನಕ್ಕೆ. ಹೌದು, ಬಾಯ್ತುಂಬ ನಕ್ಕೆ.

"ನೋಡಿದ್ಯಾ ಫಿರ್ದೋಸ್, ಬಂಡಿ ಹಾರಸಿದ್ರೂ ಜಾಗಾ ಬಿಡ್ಲಿಲ್ಲ!"

"ಇಷ್ಟ ಜಲ್ದಿ ಹನ್ನೊಂದಾಯ್ತಾ ದೀದಿ?" ಎಂದಳು ಅವಳು.

ಎರಡೂ ಬಾಗಿಲು ಒದ್ದುಕೊಂಡು ಹೊರಗೆ ಓಡಿದೆ. ಡಬ್ಬಿಯೊಳಗೆ ಫೋನು ಇನ್ನೂ ಬಡಿದುಕೊಳ್ಳುತ್ತಿತ್ತು. ಗೇಟಿನ ಕೊಂಡಿಗೆ ಒಂದು ಅರಿವೆ ಗಂಟು ಸಿಕ್ಕಿಸಿತ್ತು, ಒಳಗೆ ರೊಟ್ಟಿ, ಮುಟ್ಟಿದರೆ ಬೆಚ್ಚಗೆ. ಆಕೆ ಬಂದಿದ್ದಳು. ಕಲ್ಲಿನಿಂದ ತಗಡು ಬಡಿದಿದ್ದಳು. ಫೋಮು ತುಂಬಿದ ಆ ಗೋಡೆಯೊಳಗೆ ಗುಡುಗು ಬಡಿದರೂ ಕೇಳುವುದಿಲ್ಲ. ಕಾದಿದ್ದಾಳೆ, ಇವರಿಗೆ ಕೆಲಸ ಬಹಳ ಇದ್ದೀತು ಅಂದುಕೊಂಡಿದ್ದಾಳೆ, ನನ್ನ ಪಾಲಿನದನ್ನು ಸಿಕ್ಕಿಸಿ ಖಣಿಗೆ ಇಳಿದಿದ್ದಾಳೆ. ಕೆಂಪು ಬಾವುಟದವರು ನಿಂತದ್ದು ರಸ್ತೆಗಳಿಗೆ. ಕಾಲುದಾರಿಗೆ ಯಾರೂ ಇರಲಿಲ್ಲ, ಆ ದಾರಿಯ ಕಾವಲು ನಾನಾಗಿದ್ದೆ.

ಇಳಿಜಾರಿನ ಅರ್ಧದಲ್ಲಿ ಮಗ್ಗುಲಾಗಿ ಬಿದ್ದಿದ್ದಳು. ಸಿಡಿದು ಬಂದ ಕಲ್ಲು ದೊಡ್ಡದೇನಲ್ಲ, ಅಂಗೈಯಗಲದ್ದು. ಕಿವಿಯ ಹಿಂದೆ ಬಡಿದಿತ್ತು. ಕಣ್ಣು ತೆರೆದೇ ಇದ್ದವು, ಉಸಿರು ಇತ್ತು. ನಾನು ಕೂಗಿದೆ, ಕೂಗುತ್ತಲೇ ಇದ್ದೆ. ಆ ಕಡೆಯಿಂದ ಕಾಕಾ ಓಡಿ ಬರುತ್ತಿದ್ದುದು ಕಾಣಿಸಿತು. ಆ ವಯಸ್ಸಿನ ಮನುಷ್ಯ ಅಷ್ಟು ಜೋರಾಗಿ ಓಡಿದ್ದನ್ನು ನಾನು ನೋಡಿರಲಿಲ್ಲ.

ಖಡಿ ಮಷಿನ್ನಿನ ಜೀಪಿನಲ್ಲಿ ಕಲಬುರಗಿಗೆ ಹೊರಟೆವು. ಆಕೆಯ ತಲೆ ಕಾಕಾನ ತೊಡೆಯ ಮೇಲೆ, ಕಾಲು ನನ್ನ ತೊಡೆಯ ಮೇಲೆ. ಇನ್ನೂ ಎಂಟು ಕಿಲೋಮೀಟರ್ ಇರುವಾಗ ಉಸಿರು ನಿಂತಿತು. ಕಾಕಾ ಆಕೆಯ ಗಲ್ಲ ತಟ್ಟಿದರು, ಹೆಸರು ಹಿಡಿದು ಕರೆದರು. ಆಮೇಲೆ ನನ್ನ ಕಡೆ ತಿರುಗಿದರು.

"ನಿನ್ನ ಗೇಟಿಗಿ ಬಂದಿದ್ಳು ಹೌದಿಲ್ಲೋ? ನೀ ಹೇಳಿದ್ದಿ ಹೌದಿಲ್ಲೋ?"

ನಾನು ಗೋಣು ಹಾಕಿದೆ. ಗೇಟಿಗೆ ಬಂದದ್ದಂತೂ ನಿಜ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡೆ. ಅದೆಲ್ಲ ವಕೀಲರ ಮಾತು. ಅವರು ಕೇಳಿದ್ದೇನೆಂದು ನನಗೆ ಗೊತ್ತಿತ್ತು, ನಾನು ಸುಳ್ಳು ಹೇಳಿದೆ. ಹೆದರಿದ್ದೆ, ಅದಕ್ಕೆ ಹೇಳಿದೆ.

ಅವರು ಹೆಂಡತಿಯ ಮುಖ ನೋಡಿದರು. "ಹೇಳಿದ್ರೂ ಕೇಳ್ಲಿಲ್ಲಲ್ಲಲೇ ನೀ," ಎಂದರು.

ಅಂದು ಸಂಜೆ ನಾನು ಶೆಡ್ಡಿಗೆ ವಾಪಸು ಹೋದೆ. "ದೇವಿಕಾ, ನೀವು ಮನಿಗಿ ಹೋಗ್ರಿ. ಲಾರಿ ನಿಂದ್ರಸ್ತೀನಿ, ಹೋದರ ಹೋಗ್ಲಿ ರಾಕೆಟ್," ಎಂದರು ಸರ್. ಅವರ ಕಣ್ಣು ಕೆಂಪಾಗಿದ್ದವು. ನಾನು ಕೇಳಲಿಲ್ಲ. ಕೈ ತೊಳೆದುಕೊಂಡು ಗೌನು ಹಾಕಿಕೊಂಡೆ. ನಾನು ಓಡಿದ ಕೂಡಲೇ ಫಿರ್ದೋಸ್ ಬಾಗಿಲು ಮುಚ್ಚಿಬಿಟ್ಟಿದ್ದಳು, ಚುಕ್ಕೆ ಇದ್ದಲ್ಲೇ ಇತ್ತು. ಹೊರಗೆ ಎಲ್ಲರೂ ಪ್ರಶ್ನೆ ಕೇಳುತ್ತಿದ್ದರು, ಒಳಗೆ ಯಾರೂ ಕೇಳುವುದಿಲ್ಲ. ಹನ್ನೆರಡು ಕಡೆ ಅಂಟು ಇಟ್ಟೆ. ಕೈ ನಡುಗಲಿಲ್ಲ. ಆ ಕೈಗಳನ್ನು ಕಂಡರೆ ನನಗೆ ಇವತ್ತಿಗೂ ಹೇಸಿಗೆ. ಅಂಟು ಒಣಗಿದ ಮೇಲೆ ರಾತ್ರಿಯೇ ಪೆಟ್ಟಿಗೆಗೆ ತುಂಬಿದೆವು, ಶುಕ್ರವಾರ ಬೆಳಿಗ್ಗೆ ಲಾರಿ ಹೋಯಿತು.

ಅದೇ ಮಧ್ಯಾಹ್ನ ಚಿಗವ್ವನನ್ನು ಮಣ್ಣು ಮಾಡುವುದಿತ್ತು. ಸೇಡಂನಿಂದ ಮಗಳು ಉಮಾದೇವಿ ಬಂದಿದ್ದಳು. ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸಿದ ಚಿಗವ್ವನ ಮುಂದೆ ನಿಂತು ಕಾಕಾ ಓಣಿಗೆಲ್ಲ ಕೇಳುವಂತೆ ಬೈದರು. "ಹುಡುಗಿ ಹೇಳಿದಳಲ್ಲ ನಿಂಗ! ಕುಂದ್ರು ಅಂದ್ರ ಕುಂದ್ರಾಕ ಏನಾಗಿತ್ತು ನಿಂಗ? ನನ್ನ ಕೈಲೇ ನಿನ್ನ ಕೊಲ್ಲಿಸಿದಿಯಲ್ಲ!" ಪಕ್ಕದ ಮನೆಯ ನೀಲಾಬಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಮೊದಲಿಂದ ಹಟಮಾರಿ ಆಕಿ, ಯಾರ ಮಾತ ಕೇಳ್ಯಾಳ?" ಎಂದಳು. ಮಂದಿ ಹೌದು ಹೌದು ಎಂದರು. ಉಮಾದೇವಿಯೂ ಹೌದೆಂದಳು. ಒಂದು ವಾರದಲ್ಲಿ ಅದು ಊರಿನ ಮಾತಾಯಿತು. ಠಾಣೆಯಲ್ಲಿ ಕೇಳಿದಾಗ ನಾನೂ ಅದನ್ನೇ ಬರೆಸಿ ಸಹಿ ಹಾಕಿದೆ. ಆಗಲೂ ಹೆದರಿಕೆಯೇ. ಕಾಕಾನ ಲೈಸೆನ್ಸ್ ಅಮಾನತಾಯಿತು, ಕೇಸು ಚಿತ್ತಾಪುರದ ಕೋರ್ಟಿಗೆ ಹೋಯಿತು. ವೇಳೆ ಬದಲಿಸಲು ನಾನು ಕೇಳಿದ್ದೆ ಎಂದು ಅವರು ಎಲ್ಲೂ ಬಾಯಿಬಿಡಲಿಲ್ಲ. ಹಾರಿಸಿದವ ನಾನು, ತಪ್ಪು ನನ್ನದೂ ಆಕೆಯದೂ ಎಂದಷ್ಟೇ ಹೇಳಿದರು.

ಜೂನಿನಲ್ಲಿ ರಾಕೆಟ್ ಹಾರಿತು. ಗಾಳಿಯ ಮೇಲಕ್ಕೆ ಹೋಗಿ ಐದು ನಿಮಿಷ, ಎಂದೋ ಸಿಡಿದುಹೋದ ಒಂದು ನಕ್ಷತ್ರದ ಉಳಿಕೆಯನ್ನು ನೋಡಿ ಸಮುದ್ರಕ್ಕೆ ಬಿತ್ತು. ಮರುದಿನ ಸರ್ ಫೋನ್ ಮಾಡಿದರು. "ಹೊಂದಿಸಿದ್ದು ಭಾಳ ಚಲೋ ಆಗ್ಯಾದ ದೇವಿಕಾ. ಒಂದೂ ಬಳಿ ಜಾಗಾ ಬಿಟ್ಟಿಲ್ಲ. ನಿಮ್ಮ ಕೈಗೆ ಬಂಗಾರದ ಕಡಗ ಹಾಕಬೇಕು." ನಾನು ಫೋನು ಇಟ್ಟೆ. ಆಮೇಲೆ ಸೀರೆ ಬದಲಿಸಿ ಶಹಾಬಾದಿನ ಬಸ್ಸು ಹತ್ತಿದೆ.

ಕಾಕಾ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ಅಂಚು ಹರಿದುಹೋದ, ದಪ್ಪನೆಯ ರೊಟ್ಟಿ.

"ಬಾ ತಂಗಿ, ಕುಂದ್ರು. ನೋಡು, ಈ ವಯಸ್ಸಿನಾಗ ಇದೊಂದ ಕಲಿಯೋದ ಬಂತು. ಹೇಳಿದ ಮಾತ ಕೇಳಿದ್ರ ಇವತ್ತ ಇಲ್ಲೇ ಕುಂತ ಬಡಿತಿದ್ಳು." ಹಿಟ್ಟು ಕೊಡವಿದರು. "ಸಮಾಧಿಗಿ ಹೂವ ಹಾಕಾಕ ಬಾ ಅಂತ ಉಮಾ ನಾಕ ಸಲ ಕರದಳು. ಹೋಗ್ಲಿಲ್ಲ ನಾ. ಅಷ್ಟ ಸಿಟ್ಟದ ಆಕಿ ಮ್ಯಾಲ. ಬೆಳಿಗ್ಗಿ ಎದ್ದ ಕೂಡ್ಲೇ ಬೈತೀನಿ, ಮಲಗೂ ಮುಂದ ಬೈತೀನಿ."

"ಕಾಕಾ, ನಾ ಹೇಳಿದ್ದಿಲ್ಲ," ಎಂದೆ.

"ಏನ?"

"ಅವತ್ತ ಚಿಗವ್ವಗ ನಾ ಹೇಳಿದ್ದಿಲ್ರಿ. ನಾ ಒಳಗಿದ್ದೆ. ಮರತ ಬಿಟ್ಟಿದ್ದೆ. ಆಕಿ ಗೇಟಿಗಿ ಬಂದಳು, ಬಡದಳು, ನಂಗ ಕೇಳಸ್ಲಿಲ್ಲ. ರೊಟ್ಟಿ ಸಿಗಸಿ ಹೋಗ್ಯಾಳ."

ಹೆಂಚಿನ ಮೇಲಿನ ರೊಟ್ಟಿ ಹೊಗೆಯಾಡತೊಡಗಿತು. ಅವರು ತೆಗೆಯಲಿಲ್ಲ.

"ಮತ್ತ ಹೇಳು."

ಮತ್ತೊಮ್ಮೆ ಹೇಳಿದೆ. ಜೀಪಿನಲ್ಲಿ ಗೋಣು ಹಾಕಿದ್ದನ್ನು, ಠಾಣೆಯಲ್ಲಿ ಸಹಿ ಹಾಕಿದ್ದನ್ನು, ಎಲ್ಲವನ್ನೂ ಹೇಳಿದೆ.

"ಎಷ್ಟೊತ್ತು ನಿಂತಿದ್ಳು ಗೇಟಿನಾಗ?"

"ಗೊತ್ತಿಲ್ರಿ."

"ಅಂದ್ರ ಆಕಿಗಿ ಗೊತ್ತೇ ಇದ್ದಿಲ್ಲ," ಎಂದರು, ನನಗಲ್ಲ. "ಯಪ್ಪಾ! ಆಕಿಗಿ ಏನೂ ಗೊತ್ತೇ ಇದ್ದಿಲ್ಲ. ಸುಮ್ನ ಬುತ್ತಿ ತಗೊಂಡ ಬರಾಕತ್ತಿದ್ಳು. ನಾ ಎಂಥೆಂಥಾ ಮಾತ ಬೈದೀನಿ ಆಕಿಗಿ."

ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿ ಎಂದೇ ಮುಖ ಮುಂದೆ ಮಾಡಿ ಕೂತೆ. ಅವರು ಅತ್ತರು. ಗಂಡಸು ಅಷ್ಟು ದೊಡ್ಡ ದನಿಯಲ್ಲಿ ಅಳುವುದನ್ನು ನಾನು ಮೊದಲ ಸಲ ಕೇಳಿದೆ, ನನಗೆ ಅವರನ್ನು ಮುಟ್ಟಲೂ ಧೈರ್ಯ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಎದ್ದು ಒಲೆ ಆರಿಸಿದರು, ಕೈ ತೊಳೆದುಕೊಂಡರು, ಟವೆಲ್ಲು ಹೆಗಲಿಗೆ ಹಾಕಿದರು.

"ಏಳು, ನಡಿ."

"ಠಾಣೆಗೇನ್ರಿ ಕಾಕಾ? ಬರ್ತೀನಿ ನಡೀರಿ."

"ಠಾಣೆ ಕಡೀಕ. ಮೊದ್ಲ ಓಣಿ. ನನ್ನ ಬಾಯಿಲೇ ಆಕಿಗಿ ಹಟಮಾರಿ ಅಂತ ಹೆಸರ ಇಟ್ಟೀನಿ. ನಿನ್ನ ಬಾಯಿಲೇ ತೆಗಿ."

ನೀಲಾಬಾಯಿಯ ಬಾಗಿಲು ತಟ್ಟಿದರು. ಅವಳು ಕೈಯಲ್ಲಿ ಮೊರ ಹಿಡಿದುಕೊಂಡೇ ಹೊರಗೆ ಬಂದಳು.

"ದೇವಿಕಾ ಏನೋ ಹೇಳ್ತಾಳ, ಕೇಳು," ಎಂದರು ಕಾಕಾ.

ನಾನು ಹೇಳಿದ್ದು ನನಗೇ ಕೇಳಿಸಲಿಲ್ಲ.

"ಜೋರಾಗಿ," ಎಂದರು.

"ಚಿಗವ್ವಗ ನಾ ಹೇಳಿದ್ದಿಲ್ಲ. ಹೇಳೀನಂತ ಸುಳ್ಳ ಹೇಳಿದೆ. ಆಕಿದೇನೂ ತಪ್ಪಿಲ್ಲ."

ನೀಲಾಬಾಯಿ ಮೊರ ಕೆಳಗಿಟ್ಟಳು. "ನಿನ್ನ ಬಾಯಾಗ ಮಣ್ಣ ಬೀಳ್ಲಿ," ಎಂದಳು. ಇನ್ನೂ ಏನೇನೋ ಅಂದಳು. ನಾನು ತಲೆ ತಗ್ಗಿಸಿ ಎಲ್ಲವನ್ನೂ ನಿಂತು ಕೇಳಿದೆ. ಅವಳು ಮುಗಿಸುವಷ್ಟರಲ್ಲಿ ಕಾಕಾ ಆಗಲೇ ಮುಂದಿನ ಮನೆಯ ಚಿಲಕ ಬಡಿಯುತ್ತಿದ್ದರು.